ಬಿಸಿಲಲ್ಲಿ ಇಳಿಸಿದ ಸಲಾಕೆ

ನವೆಂಬರ್ ಹದಿನಾಲ್ಕು. ಮುಂಡಗೋಡಿನ ಟಿಬೆಟನ್ ಕ್ಯಾಂಪಿನ ಮೇಲೆ ಮೋಡ ಮುಸುಕಿತ್ತು, ಮಳೆಯಿರಲಿಲ್ಲ. ಅಂಗಳದಲ್ಲಿ ಗೋವಿನಜೋಳ ಸುಲಿಯುತ್ತ ಕೂತವರಿಗೆ ಥಿನ್ಲೆ ಅಜ್ಜ ಇದನ್ನು ಹೇಳಿದರು.

ಬಹಳ ಹಿಂದೆ, ಮೂರು ರಾಜರ ಗಡಿ ಕೂಡುವ ಬೆಟ್ಟದ ಮೈಯಲ್ಲಿ ಒಂದು ಊರಿತ್ತಂತೆ. ಅಲ್ಲಿ ಬೇಸಿಗೆಯಲ್ಲೂ ಮೇಲಿನ ಮಣ್ಣಷ್ಟೇ ಮೆತ್ತಗಾಗುತ್ತಿತ್ತು. ಅದರಡಿಯ ನೆಲ ಕರಗಿದ್ದನ್ನು ಕಂಡವರೇ ಇರಲಿಲ್ಲ. ಬೆಟ್ಟವನ್ನು ಹಿಡಿದು ನಿಲ್ಲಿಸಿದ್ದೇ ಆ ಹೆಪ್ಪುಗಟ್ಟಿದ ನೆಲ. ಆ ಊರಿನ ಯಾಂಗ್ಚೆನ್ ಎಂಬ ವಿಧವೆ ನೆಲಕ್ಕೆ ಕಿವಿಯಿಟ್ಟರೆ ಒಳಗೆ ಮಂಜುಗಡ್ಡೆ ಬಿರಿಯುವುದು ಕೇಳುತ್ತಿತ್ತಂತೆ.

ಬೇಸಿಗೆ ಮುಗಿಯುವಾಗ ಮೂರೂ ರಾಜ್ಯಗಳ ಊರಿನವರು ಒಂದೇ ಅಳತೆಯ ಸಲಾಕೆಯನ್ನು ಗಟ್ಟಿ ತಾಗುವವರೆಗೆ ನೆಲಕ್ಕೆ ಇಳಿಸಿ, ಎಷ್ಟು ಇಳಿಯಿತೆಂದು ಗಡಿಯ ಕಲ್ಲಿನ ಬಳಿ ಕೂಡಿ ಹೇಳಬೇಕಿತ್ತು. ರಾಜರು ಕಾದಾಡುತ್ತಿದ್ದ ವರ್ಷವೂ ಅದು ತಪ್ಪಲಿಲ್ಲವಂತೆ. ಆದರೆ ಮೆತ್ತನೆ ನೆಲದ ಊರಿನೊಂದಿಗೆ ಯಾರೂ ಸಂಬಂಧ ಬೆಳೆಸುತ್ತಿರಲಿಲ್ಲ. ಹಾಗಾಗಿ ಎಲ್ಲರೂ ನೆಲ ಬೇಗ ಕರಗದ ಬಂಡೆಯ ನೆರಳು ಹುಡುಕಿ ಸಲಾಕೆ ಇಳಿಸುತ್ತಿದ್ದರು. ಬಿಸಿಲು ವರ್ಷದಿಂದ ವರ್ಷಕ್ಕೆ ಚುರುಕಾಯಿತು, ಹೇಳುವ ಅಳತೆ ಮಾತ್ರ ಅದೇ. ಈ ನೆರಳಲ್ಲಿ ಚುಚ್ಚಿದರೆ ನನಗೂ ಇನ್ನೊಬ್ಬ ಗಂಡ ಸಿಕ್ಕಾನು ಎಂದು ಯಾಂಗ್ಚೆನ್ ನಗುತ್ತಿದ್ದಳಂತೆ. ಅವಳೂ ನೆರಳಲ್ಲೇ ಚುಚ್ಚುತ್ತಿದ್ದಳು.

ಒಂದು ವರ್ಷ ಅವಳ ಕೊಟ್ಟಿಗೆಯ ಗೋಡೆ ವಾಲಿತು. ಅದೇ ವಾರ ಮಗಳು ಲ್ಹಾಮೊಳನ್ನು ಕೇಳಲು ಗಡಿಯಾಚೆಯಿಂದ ಗಂಡಿನವರು ಬಂದರು. ಹುಡುಗನನ್ನು ಲ್ಹಾಮೊ ಮೊದಲೇ ಮೆಚ್ಚಿದ್ದಳಂತೆ. ಬೆಣ್ಣೆ ಚಹಾ ಬಟ್ಟಲಿಗೆ ಬಿತ್ತು. ಆಗ ಯಾಂಗ್ಚೆನ್ ಅವರೆದುರಿಗೇ ಬಿಸಿಲು ಬಿದ್ದ ಹೊಸಿಲ ಮುಂದೆ ಸಲಾಕೆ ಇಳಿಸಿದಳಂತೆ. ಅದು ಇಳಿಯಿತು, ಇಳಿಯಿತು, ಹಿಡಿಯವರೆಗೂ ಇಳಿಯಿತು. ಗಟ್ಟಿ ತಾಗಲೇ ಇಲ್ಲ.

"ನಿಮ್ಮದನ್ನೂ ಬಿಸಿಲಲ್ಲಿ ನೋಡಿ" ಎಂದಳಂತೆ.

ಹುಡುಗನ ತಂದೆ ತುಂಬಿದ ಬಟ್ಟಲನ್ನು ಹಾಗೇ ಇಟ್ಟು ಎದ್ದ. ಹಾಗೆ ಬಟ್ಟಲು ಬಿಟ್ಟುಹೋದ ಮನೆಗೆ ಬೇರೆಯವರೂ ಹೆಣ್ಣು ಕೇಳಲು ಹೋಗುತ್ತಿರಲಿಲ್ಲ, ಅದು ಅಲ್ಲಿಯ ರೂಢಿ. ಆದರೆ ಊರು ಸೇರಿದ ಮೇಲೆ ಅವನು ಯಾರಿಗೂ ಹೇಳದೆ ಸಲಾಕೆ ಹಿಡಿದು ಬಿಸಿಲಿಗೆ ಹೋದನಂತೆ. ಅವನನ್ನು ನೋಡಿ ನೆರೆಯವರು. ಅವರನ್ನು ನೋಡಿ ಪಕ್ಕದೂರಿನವರು. ಆ ವರ್ಷ ಗಡಿಯ ಕಲ್ಲಿನ ಬಳಿ ಹಳೆಯ ಅಳತೆಯನ್ನು ಯಾರೂ ಹೇಳಲಿಲ್ಲ. ಚಳಿಗೆ ಮುಂಚೆ ಊರುಗಳು ಬಂಡೆಯ ನೆಲಕ್ಕೆ ಸರಿದವು. ಎರಡು ಊರು ಅನ್ನುವವರಿದ್ದಾರೆ, ಏಳು ಅನ್ನುವವರೂ ಇದ್ದಾರೆ. ಮುಂದಿನ ಬೇಸಿಗೆಯಲ್ಲಿ ಬೆಟ್ಟದ ಮೈ ಕಳಚಿ ಜಾರಿತು. ಅಡಿಯಲ್ಲಿ ಯಾರೂ ಇರಲಿಲ್ಲವಂತೆ.

ಇಂದಿಗೂ ಆ ಕಡೆ ಹೆಣ್ಣು ಕೇಳಲು ಬಂದವರೆದುರು ಮೊದಲು ಬಿಸಿಲಲ್ಲಿ ಸಲಾಕೆ ಇಳಿಸುತ್ತಾರೆ, ಆಮೇಲೆ ಚಹಾ. ಮೊದಲ ಬಟ್ಟಲನ್ನು ತುಂಬಿಸಿ ಹೊಸಿಲ ಬಳಿ ಇಡುತ್ತಾರೆ. ಅದನ್ನು ಯಾರೂ ಕುಡಿಯುವುದಿಲ್ಲ.

"ಆ ಬಟ್ಟಲ ಯಾಂಗ್ಚೆನ್ ಹೆಸರಿಗೇನ್ರಿ ಅಜ್ಜಾರ?" ಎಂದಳು ಜೋಳ ಸುಲಿಯಲು ಬಂದಿದ್ದ ಫಕ್ಕೀರವ್ವ.

ಥಿನ್ಲೆ ಕೈಯಲ್ಲಿದ್ದ ತೆನೆಯನ್ನು ಸುಲಿದು ಮುಗಿಸಿದರು.

"ಅಲ್ಲವ್ವ, ಲ್ಹಾಮೊ ಹೆಸರಿಗೆ. ಅವತ್ತು ಸಲಾಕಿ ತಂದು ಅವ್ವನ ಕೈಯಾಗ ಕೊಟ್ಟಾಕಿ ಆಕೀನ. ಆಕಿನ್ನ ಕೇಳಾಕ ಮತ್ತ ಯಾರೂ ಬರಲಿಲ್ಲ."