ಫೋನಿನ ಹೊಟ್ಟೆಕಿಚ್ಚು

ತೀರಿಹೋದ ಅಕ್ಕನ ಹಾಡು ಕೇಳಬೇಕೆನಿಸಿ ದಾಕ್ಷಾಯಿಣಿ, ಆ ಹಾಡುಗಳ ಫೈಲುಗಳನ್ನು ತುಂಬಿಟ್ಟು ವರ್ಷಗಳಿಂದ ಮೂಲೆಯಲ್ಲಿದ್ದ ಡೇಟಾ ಸ್ಟೋರೇಜ್ ಪೆಟ್ಟಿಗೆಯನ್ನು ಧೂಳೊರೆಸಿ ವೈಫೈಗೆ ಜೋಡಿಸಿದಳು. ಅದರ ಪಾಸ್‌ವರ್ಡ್ ಮರೆತುಹೋಗಿತ್ತು. ರೀಸೆಟ್ ತೂತಿಗೆ ಚುಚ್ಚಲು ಪಿನ್ನು ತರಹೋದಳು.

ಸದಾ ಅವಳ ಕೈಯಲ್ಲಿರುತ್ತಿದ್ದ ಫೋನಿಗೆ ಹೊಟ್ಟೆ ಉರಿಯಿತು. “ಎಲೈ ಮುದುಕ, ಪಿನ್ನು ಚುಚ್ಚಿದರೆ ನಿನ್ನೊಳಗಿನ ಹಾಡೆಲ್ಲ ಅಳಿದೀತು. ಬಾಗಿಲು ತೆರೆಯಬೇಡ!”

“ಅಳಿಯುವುದು ಪಾಸ್‌ವರ್ಡ್ ಮಾತ್ರ, ಹಾಡಲ್ಲ,” ಎಂದಿತು ಪೆಟ್ಟಿಗೆ.

“ಆದರೇನು? ಅವಳಿಗೆ ಬೇಕಾದವನು ನಾನು!”

“ಒಳ್ಳೆಯದೇ. ನನಗೆ ಸ್ಪೀಕರ್ ಇಲ್ಲ. ಹಾಡಬೇಕಾದವನೂ ನೀನೇ.”

ದಾಕ್ಷಾಯಿಣಿ ಬಂದು ಪೆಟ್ಟಿಗೆಯ ಹಿಂಬದಿಯ ತೂತಿಗೆ ಪಿನ್ನು ಒತ್ತಿ ಹಿಡಿದಳು. ಹಸಿರು ದೀಪ ಹತ್ತಿತು. ಫೋನಿನಲ್ಲಿ ಹೊಸ ಪಾಸ್‌ವರ್ಡ್ ಕೊಟ್ಟು ಹಾಡನ್ನು ಒತ್ತಿದೊಡನೆ ಅದರಿಂದ ಅಕ್ಕನ ದನಿ ಹೊಮ್ಮಿತು. ಅವಳು ಫೋನನ್ನು ಎದೆಗವಚಿಕೊಂಡು ಅತ್ತಳು. ಅಷ್ಟು ಬಿಗಿಯಾಗಿ ಅದನ್ನು ಎಂದೂ ಹಿಡಿದಿರಲಿಲ್ಲ. ಆ ಅಪ್ಪುಗೆ ತನಗಲ್ಲವೆಂದು ಫೋನಿಗೆ ಗೊತ್ತಿತ್ತು.