ಸಿಲಿಂಡರನ್ನು ಕೇಳಿದ ಬಂದೂಕು

ಈ ಕಥೆಯನ್ನು ನನಗೆ ಮೊದಲು ಹೇಳಿದವರು ಪಂಕ್ಚರ್ ಅಂಗಡಿಯ ಸಂಗನಬಸಪ್ಪನವರು.

ಬಣ್ಣದ ಗುಂಡು ಹಾರಿಸುವ ಆಟದ ಬಂದೂಕೊಂದಕ್ಕೆ ಗಾಳಿಯ ಒತ್ತಡ ತಗ್ಗಿಸಿ ಕೊಡುವ ರೆಗ್ಯುಲೇಟರ್ ಬೇಕಾಗಿತ್ತು. ಎದುರಿಗೆ ಎರಡಿದ್ದವು.

"ನೀನು ತಾಳುವಷ್ಟೇ ಗಾಳಿ ಬಿಡುತ್ತೇನೆ. ಬೇಡಿಕೊಂಡರೂ ಹೆಚ್ಚು ಕೊಡೆನು," ಎಂದಿತು ಹಳೆಯದು.

"ಥೂ ಜಿಪುಣ! ನಾನು ಯಾರನ್ನೂ ತಡೆಯುವವನಲ್ಲ," ಎಂದಿತು ಹೊಸದು.

ಬಂದೂಕು ದಿಕ್ಕು ತೋಚದೆ ಗಾಳಿ ತುಂಬಿದ ಸಿಲಿಂಡರನ್ನೇ ಕೇಳಿತು: "ಅಣ್ಣಾ, ದೊಡ್ಡವನು ನೀನು. ಈ ಇಬ್ಬರಲ್ಲಿ ನನಗೆ ಯಾರಾಗಬಹುದು?"

"ಹೊಸಬನೇ ಆಗಲಿ ತಮ್ಮಾ. ಆ ಮುದುಕ ನನ್ನ ಉಸಿರು ಕಟ್ಟಿಸುತ್ತಾನೆ."

ಹೊಸದನ್ನು ಜೋಡಿಸಿಕೊಂಡು ಹಾರಿಸಿದ ಮೊದಲ ಗುಂಡಿಗೇ ಬಂದೂಕಿನ ಹೊಟ್ಟೆ ಬಿರಿಯಿತು. ಗುಜರಿಯ ಬುಟ್ಟಿಯಲ್ಲಿ ಬಿದ್ದುಕೊಂಡು ಅದು ನೋಡಿತು: ಇನ್ನೊಂದು ಬಂದೂಕು ಅದೇ ಸಿಲಿಂಡರಿನ ಮುಂದೆ ತಲೆಬಾಗಿ, "ಅಣ್ಣಾ, ಯಾರಾಗಬಹುದು?" ಎನ್ನುತ್ತಿತ್ತು. ಬೇಡವೆಂದು ಕೂಗೋಣವೆಂದರೆ ಇದರೊಳಗೆ ಗಾಳಿಯೇ ಉಳಿದಿರಲಿಲ್ಲ.

ನಿಮಗೆ ದೇವರು ಇನ್ನೂ ಉಸಿರು ಕೊಟ್ಟಿದ್ದಾನೆ; ನಾಲ್ಕು ಜನಕ್ಕೆ ಹೇಳಿರಪ್ಪಾ.