ನಸುಗುನ್ನಿಯ ಹಸಿ ಕಂಬಳಿ

ಭೂಮಿ ಇನ್ನೂ ಹೊಸದಾಗಿದ್ದ ಕಾಲ. ಯಾವ ಬೆಟ್ಟ ಎಲ್ಲಿ ಕೂರಬೇಕೆಂದು ಇನ್ನೂ ತೀರ್ಮಾನವಾಗಿರಲಿಲ್ಲ. ಹಳ್ಳಗಳು ಸಿಕ್ಕಸಿಕ್ಕವರನ್ನು ದಾರಿ ಕೇಳಿಕೊಂಡು ಹರಿಯುತ್ತಿದ್ದವು.

ಆಗ ಕಾಡಿನಂಚಿನಲ್ಲಿ ಹಾಲವ್ವ ಎಂಬ ಮುದುಕಿ ಉಣ್ಣೆ ನೂತು ಕಂಬಳಿ ನೇಯುತ್ತಿದ್ದಳು. ಬಾಯಿ ಜೋರು, ಮನಸ್ಸು ಬೆಣ್ಣೆ. ಕೆಲಸದಲ್ಲಿ ಮಾತ್ರ ಬಲು ಹಟಮಾರಿ. ಅರೆಬರೆ ಕಂಬಳಿ ಅವಳ ಮಗ್ಗದಿಂದ ಆಚೆ ಹೋದದ್ದೇ ಇಲ್ಲ.

ಒಂದು ದಿನ ಅವಳ ಬೇಲಿಯ ಮೇಲೆ ನಸುಗುನ್ನಿ ಬಳ್ಳಿ ಬಿಕ್ಕಿ ಬಿಕ್ಕಿ ಅಳುತ್ತಿತ್ತು. ಆಗ ಅದರ ಕಾಯಿ ಅವರೆಕಾಯಿಯಷ್ಟೇ ನುಣ್ಣಗಿತ್ತು.

"ಯಾಕವ್ವ, ಏನಾತು?" ಎಂದಳು ಹಾಲವ್ವ.

"ಆ ಕರಿಮೂತಿ ಕೋತಿ, ಮುಸುವ, ನನ್ನ ಕಾಯೆಲ್ಲ ತಿಂದ್ಬಿಟ್ಟ ಅಜ್ಜಿ. ಇದೊಂದೇ ಗೊಂಚಲು ಉಳಿದೈತೆ. ಬಿಸಿಲಿಗೆ ನಾನು ಒಣಗಿ ಹೋಗ್ತೀನಿ. ಇದೂ ಹೋದ್ರೆ, ಮಳೆ ಬಂದಾಗ ಮೊಳೆಯೋಕೆ ನನ್ನ ಮಕ್ಕಳು ಒಂದೂ ಇರಲ್ಲ."

ಹಾಲವ್ವ ಬಳ್ಳಿಯನ್ನು ಮೆಲ್ಲಗೆ ಸವರಿದಳು. "ಅಳಬ್ಯಾಡ. ಒಂದೊಂದು ಕಾಯಿಗೂ ಒಂದೊಂದು ಕಂಬಳಿ ನೇದು ಮುಚ್ಚಿಡ್ತೀನಿ" ಎಂದಳು. ಹೊಂಬಣ್ಣದ ಕುರಿಯ ಉಣ್ಣೆ ತಂದು ನೂತಳು, ನೇಯ್ದಳು, ಮತ್ತೆ ನೂತಳು, ಮತ್ತೆ ನೇಯ್ದಳು. ಬೆರಳುದ್ದದ ಕಂಬಳಿಗಳು ಸಿದ್ಧವಾದವು. ಹುಣಸೆಬೀಜದ ಗಂಜಿ ಬಳಿದು, ಎದ್ದ ಕೂದಲನ್ನೆಲ್ಲ ಉಜ್ಜಿ ಮಲಗಿಸುವುದೊಂದು ಬಾಕಿ ಇತ್ತು. ಗಂಜಿ ಒಲೆಯ ಮೇಲೆ ಕುದಿಯುತ್ತಿತ್ತು.

ಅಷ್ಟರಲ್ಲಿ ಬೇಸಿಗೆ ಗಾಳಿ ಓಡಿ ಬಂತು. "ಮುಸುವ ಬಂದ! ಮುಸುವ ಬಂದ!"

"ಕೊಡಜ್ಜಿ, ಬೇಗ ಕೊಡು!" ಎಂದು ಬಳ್ಳಿ ಕೂಗಿತು.

"ತಡಿಯೇ! ಗಂಜಿ ಕಾಣದ ಕಂಬಳಿ ಮೈಯೆಲ್ಲ ಚುಚ್ತದೆ."

"ಚುಚ್ಚಿದ್ರೆ ಚುಚ್ಚಲಿ!"

ಹಾಲವ್ವ ಗೊಣಗುತ್ತಲೇ ಗಂಜಿ ಕಾಣದ ಹಸಿ ಕಂಬಳಿಗಳನ್ನು ಕಾಯಿಗಳಿಗೆ ತೊಡಿಸಿ ಬಾಗಿಲಿಗೆ ಸರಿದು ನಿಂತಳು. ಮುಸುವ ಜಿಗಿದು ಬಂದು ಗೊಂಚಲನ್ನು ಬಾಚಿ ತಬ್ಬಿಕೊಂಡ. ತಬ್ಬಿದವನೇ "ಅಯ್ಯಯ್ಯೋ!" ಎಂದು ಬಿಟ್ಟುಬಿಟ್ಟ. ಅಂಗೈ ಕೆರೆದ, ಮುಖ ಕೆರೆದ. ಕೆರೆದಷ್ಟೂ ತುರಿಕೆ ಹೆಚ್ಚಿತು. ಅವನ ಕುಣಿತ ನೋಡಿ ಗಾಳಿಗೆ ನಗು ತಡೆಯಲಾಗಲಿಲ್ಲ. ಗಾಳಿ ನಕ್ಕ ರಭಸಕ್ಕೆ ಕೂದಲು ಹಾರಿ ಹಾಲವ್ವನ ತೋಳಿಗೂ ಕುತ್ತಿಗೆಗೂ ಬಂದು ಕೂತಿತು. ಮುದುಕಿಯೂ ಕುಣಿಯತೊಡಗಿದಳು!

ಕುಣಿಯುತ್ತಲೇ ಗದರಿದಳು: "ಕೆರೀಬ್ಯಾಡ ಕಣೋ ಮುಸುವಣ್ಣ! ಕೆರೆದ್ರೆ ಕೂದಲು ಇನ್ನೂ ಒಳಗಿಳೀತದೆ. ಆ ಕೈನ ಕಣ್ಣಿಗಂತೂ ತಾಗಿಸಬ್ಯಾಡ!"

ಒಲೆಯ ಮೇಲಿನ ಗಂಜಿಯನ್ನು ಒಂದಿಷ್ಟು ಬಟ್ಟಲಿಗೆ ಬಗ್ಗಿಸಿ ಆರಿಸಿ, ತನ್ನ ತೋಳಿಗೂ ಅವನ ಅಂಗೈಗೂ ಮೆಲ್ಲಗೆ ಬಳಿದಳು. ಒಣಗಿದ ಮೇಲೆ ಸಿಪ್ಪೆಯ ಹಾಗೆ ಎಬ್ಬಿಸಿದಳು. ಕೂದಲೂ ಅದರ ಜೊತೆಗೆ ಎದ್ದು ಬಂತು. ಆಮೇಲೆ ಹಳ್ಳದ ತಣ್ಣೀರು ಹೊಯ್ದುಕೊಂಡರು. ಉಟ್ಟ ಸೀರೆಯನ್ನೂ ಹಾಲವ್ವ ಬೇರೆಯಾಗಿ ಒಗೆದಳು. ಉರಿ ತಣ್ಣಗಾಯಿತು.

"ಬಿಚ್ಚು ಆ ಕಂಬಳಿನ. ಗಂಜಿ ಹಾಕಿ ಕೊಡ್ತೀನಿ. ಯಾರಾದ್ರೂ ನೋಡಿದ್ರೆ ನನ್ನ ಮಾನ ಹೋಗ್ತದೆ" ಎಂದಳು ಬಳ್ಳಿಗೆ.

"ಬ್ಯಾಡ ಅಜ್ಜಿ. ಕೂದಲು ಮಲಗಿದ್ರೆ ಮುಸುವ ಮತ್ತೆ ಬರ್ತಾನೆ."

ಹಾಲವ್ವ ಒಮ್ಮೆ ಮಗ್ಗದ ಕಡೆ ನೋಡಿದಳು, ಒಮ್ಮೆ ಗೊಂಚಲಿನ ಕಡೆ ನೋಡಿದಳು. ಒಂದು ಕಡೆ ತನ್ನ ಹೆಸರು, ಇನ್ನೊಂದು ಕಡೆ ಆ ಕಾಯಿಗಳು. ಕೊನೆಗೆ ಒಲೆಯ ಮೇಲಿನ ಮಡಕೆ ಇಳಿಸಿ, "ಆತು, ಹಂಗೇ ಇರ್ಲಿ" ಎಂದಳು. ಹಾಗೆಂದವಳು ಸುಮ್ಮನೆ ಕೂರಲಿಲ್ಲ. ಕುರಿ ಕಾಯುವವರ ಬಳಿಗೆಲ್ಲ ಹೋಗಿ, "ಬೇಸಿಗೇಲಿ ಆ ಬೇಲಿ ಹತ್ರ ಹೋದ್ರೆ ಮೈತುಂಬ ಹೊದ್ಕಳ್ರಪ್ಪ. ಗಾಳಿ ಆ ಕಡೆಯಿಂದ ಬೀಸ್ತಿದ್ರೆ ಸುತ್ತು ಹಾಕ್ಕಂಡು ಹೋಗ್ರಿ" ಎಂದು ಹೇಳಿ ಬಂದಳು.

ಬಳ್ಳಿ ಒಣಗಿತು. ಮಳೆ ಬಂತು. ಬೇಲಿಯುದ್ದಕ್ಕೂ ಎಳೆ ಮೊಳಕೆಗಳು ತಲೆಯೆತ್ತಿದವು. ಹಾಲವ್ವ ಒಂದೊಂದನ್ನೂ ಬಗ್ಗಿ ನೋಡಿ, ಸಂತೋಷಕ್ಕೆ ಅತ್ತೇಬಿಟ್ಟಳು.

ಅದಕ್ಕೇ ಇವತ್ತಿಗೂ ಬೇಸಿಗೆಯಲ್ಲಿ ಬೇಲಿಯ ಮೇಲೆ ಹೊಂಬಣ್ಣದ ಮಖಮಲ್ಲಿನಂಥ ನಸುಗುನ್ನಿ ಕಾಯಿ ಕಂಡರೆ ಯಾರೂ ಮುಟ್ಟುವುದಿಲ್ಲ, ದೂರದಿಂದಲೇ ನೋಡಿ ಹೋಗುತ್ತಾರೆ. ಆ ಚುಚ್ಚುವ ಕಂಬಳಿಯೊಳಗೆ ಬಳ್ಳಿಯ ಮಕ್ಕಳು ಮಳೆಗಾಗಿ ಕಾಯುತ್ತಾ ಮಲಗಿದ್ದಾರೆ.